ಪೈನ್ ನೆಡುತೋಪುಗಳಲ್ಲಿ ಸಾರಜನಕ ಗೊಬ್ಬರದ ನಷ್ಟ: ಹವೆಯ ಪಾತ್ರ

ಮರಮಟ್ಟಿಗಾಗಿ ಬೆಳೆಸುವ ಪೈನ್ ತೋಪುಗಳಿಗೆ ಎರಚಿದ ಸಾರಜನಕ ಗೊಬ್ಬರದ ಒಂದು ಪಾಲು ಬೇರಿಗೆ ಸಿಗುವ ಮುನ್ನವೇ ಗಾಳಿಗೋ ನೀರಿಗೋ ಸೇರಿಹೋಗುತ್ತದೆ. ಯೂರಿಯಾ ಹಾಕಿ ನಡೆಸಿದ ಪ್ರಯೋಗಗಳಲ್ಲಿ ಈ ನಷ್ಟ ಕೆಲವೆಡೆ ಶೇ. 10ಕ್ಕೂ ಕಡಿಮೆ ಇದ್ದರೆ, ಇನ್ನು ಕೆಲವೆಡೆ ಹಾಕಿದ್ದರ ಅರ್ಧದ ಸಮೀಪಕ್ಕೆ ಹೋಗಿದೆ. ಮಣ್ಣು, ನೆಲದ ಮೇಲಿನ ತರಗು, ಗೊಬ್ಬರದ ಬಗೆ ಎಲ್ಲವೂ ಇದಕ್ಕೆ ಕಾರಣವೇ. ಆದರೆ ಇಷ್ಟು ದೊಡ್ಡ ಅಂತರವನ್ನು ಉಂಟುಮಾಡುವುದರಲ್ಲಿ ಗೊಬ್ಬರ ಬಿದ್ದ ಮೊದಲ ಕೆಲವು ದಿನಗಳ ಹವೆಯ ಪಾಲು ದೊಡ್ಡದು: ಇಬ್ಬನಿ, ತುಂತುರು, ಬಿಸಿಲು, ಗಾಳಿ, ದೊಡ್ಡ ಮಳೆ ಇವು ಯಾವ ಸರದಿಯಲ್ಲಿ ಬಂದವು ಎಂಬುದು. ಋತುವಿನ ಸರಾಸರಿ ಲೆಕ್ಕ ನೋಡಿದರೆ ಈ ಸರದಿ ಕಣ್ಣಿಗೆ ಬೀಳುವುದಿಲ್ಲ.

ತೋಪು, ಮಣ್ಣು, ಗೊಬ್ಬರ

ಈ ವಿಷಯದ ಬಗ್ಗೆ ಹೆಚ್ಚಿನ ಅಧ್ಯಯನ ನಡೆದಿರುವುದು ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ರಾಜ್ಯಗಳಲ್ಲಿ. ವರ್ಜೀನಿಯಾದಿಂದ ಹಿಡಿದು ಉತ್ತರ ಮತ್ತು ದಕ್ಷಿಣ ಕೆರೊಲಿನಾ, ಜಾರ್ಜಿಯಾ, ಫ್ಲಾರಿಡಾ, ಅಲಬಾಮಾ ದಾಟಿ ಟೆಕ್ಸಾಸ್‌ನ ಪೂರ್ವಭಾಗದವರೆಗೆ ಒಂದು ಕೋಟಿ ಹೆಕ್ಟೇರಿಗೂ ಮಿಕ್ಕಿ ಪೈನ್ ನೆಡುತೋಪುಗಳಿವೆ. ಇವುಗಳಲ್ಲಿ ಮುಖ್ಯವಾದುದು ಲಾಬ್ಲಾಲಿ ಪೈನ್. ಫ್ಲಾರಿಡಾ ಮತ್ತು ಕರಾವಳಿ ಬಯಲಿನ ತಗ್ಗುಗಳಲ್ಲಿ ಸ್ಲ್ಯಾಶ್ ಪೈನ್. ಬಹುಪಾಲು ಖಾಸಗಿ ಒಡೆತನದ ತೋಪುಗಳು. ನೆಟ್ಟ ಇಪ್ಪತ್ತರಿಂದ ಮೂವತ್ತು ವರ್ಷಗಳಲ್ಲಿ ಕಟಾವು ಆಗಿ, ಮರ ಕಾಗದದ ಗಿರಣಿಗೂ ಗರಗಸದ ಮಿಲ್ಲಿಗೂ ಹೋಗುತ್ತದೆ.

ಇಲ್ಲಿನ ಮಣ್ಣು ಬಹಳ ಹಳೆಯದು, ಮಳೆಗೆ ಸಾರ ಕಳೆದುಕೊಂಡದ್ದು. ಎಷ್ಟೋ ತೋಪುಗಳು ಹಿಂದೆ ಹತ್ತಿ ಬೆಳೆದು ಸವೆದ ಹೊಲಗಳ ಮೇಲೆ ನಿಂತಿವೆ. ನೆಟ್ಟ ಮೊದಲ ಕೆಲವು ವರ್ಷ ಸಸಿಗಳಿಗೆ ಬೇಕಾಗುವ ಸಾರಜನಕ ಕಡಿಮೆ. ಹಿಂದಿನ ಕಟಾವಿನ ಕಸ ಕೊಳೆತು ಅದನ್ನು ಒದಗಿಸುತ್ತದೆ. ಕೊಂಬೆಗಳು ಒಂದಕ್ಕೊಂದು ತಾಗಿ ಮೇಲ್ಛಾವಣಿ ಕೂಡಿಕೊಂಡ ಹೊತ್ತಿಗೆ ಕಷ್ಟ ಶುರು. ಮರಗಳ ಬೇಡಿಕೆ ಏರುತ್ತದೆ, ಆದರೆ ಇದ್ದ ಸಾರಜನಕವೆಲ್ಲ ಮರದ ಮೈಯಲ್ಲಿ ಮತ್ತು ನೆಲದ ಮೇಲೆ ಮಂದವಾಗಿ ಬಿದ್ದ ಸೂಜಿ ಎಲೆಗಳ ತರಗಿನಲ್ಲಿ ಸಿಕ್ಕಿಕೊಂಡಿರುತ್ತದೆ. ಪೈನ್ ತರಗು ಕೊಳೆಯುವುದು ನಿಧಾನ. ಈ ಕೊರತೆ ತುಂಬಲು ಬೆಳವಣಿಗೆಯ ನಡುಗಾಲದಲ್ಲಿ ಗೊಬ್ಬರ ಕೊಡುತ್ತಾರೆ.

ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ಆರಂಭವಾಗಿ, ಮುಂದೆ ವರ್ಜೀನಿಯಾ ಟೆಕ್ ಕೂಡ ಸೇರಿಕೊಂಡ ಸಹಕಾರಿ ಸಂಶೋಧನಾ ಕೂಟವು ಅರಣ್ಯ ಕಂಪನಿಗಳ ಜೊತೆಗೂಡಿ ಈ ಭಾಗದ ಉದ್ದಗಲಕ್ಕೂ ಪ್ರಯೋಗ ತಾಕುಗಳನ್ನು ಹಾಕಿತು. ಅವುಗಳಿಂದ ರೂಢಿಗೆ ಬಂದ ಪ್ರಮಾಣ ಹೆಕ್ಟೇರಿಗೆ 224 ಕಿಲೋ ಸಾರಜನಕ, ಜೊತೆಗೆ 28 ಕಿಲೋ ರಂಜಕ. ಇದಕ್ಕೆ ಮರಗಳು ಸುಮಾರು ಎಂಟು ವರ್ಷಗಳ ಕಾಲ, ವರ್ಷಕ್ಕೆ ಹೆಕ್ಟೇರಿಗೆ ಮೂರು ನಾಲ್ಕು ಘನ ಮೀಟರಿನಷ್ಟು ಹೆಚ್ಚುವರಿ ಮರ ಕೊಡುತ್ತವೆ. ರಂಜಕ ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಗೊಬ್ಬರದಿಂದ ಬರುತ್ತದೆ, ಅದರ ಜೊತೆಗೇ ಸ್ವಲ್ಪ ಸಾರಜನಕವೂ. ಉಳಿದ ಸಾರಜನಕಕ್ಕೆ ಹೆಕ್ಟೇರಿಗೆ ಸುಮಾರು 430 ಕಿಲೋ ಯೂರಿಯಾ ಬೇಕು. ಭಾರತದಲ್ಲಿ ಮಾರುವ 45 ಕಿಲೋ ಚೀಲದ ಲೆಕ್ಕದಲ್ಲಿ ಎಕರೆಗೆ ಹೆಚ್ಚುಕಡಿಮೆ ನಾಲ್ಕು ಚೀಲ. ಈ ಯೂರಿಯಾದಲ್ಲಿ ಶೇ. 30 ಆವಿಯಾಗಿ ಹೋಯಿತೆಂದರೆ ಹೆಕ್ಟೇರಿಗೆ ಸುಮಾರು ಮೂರು ಚೀಲ ಗಾಳಿಗೆ ತೂರಿದಂತೆ.

ಯೂರಿಯಾವನ್ನೇ ಆರಿಸುವುದಕ್ಕೆ ಕಾರಣ ಸರಳ. ಅದರಲ್ಲಿ ಶೇ. 46 ಸಾರಜನಕವಿದೆ; ಬೇರೆ ಯಾವ ಸಾಮಾನ್ಯ ಹರಳು ಗೊಬ್ಬರದಲ್ಲೂ ಅಷ್ಟಿಲ್ಲ. ಹೆಲಿಕಾಪ್ಟರಿಗೆ ತೂಗುಹಾಕಿದ ಬುಟ್ಟಿಯಿಂದ ಎರಚುವಾಗ ಪ್ರತಿ ಹಾರಾಟಕ್ಕೂ ಹಣ ಸುರಿಯಬೇಕಾದ್ದರಿಂದ ತೂಕಕ್ಕೆ ತಕ್ಕ ಸಾರ ಇರುವುದು ಮುಖ್ಯ. ಕೊಂಬೆಗಳ ನಡುವೆ ಸಿಕ್ಕಿಕೊಳ್ಳದೆ ನೆಲಕ್ಕಿಳಿಯಲೆಂದು ಕಾಡಿಗೆ ಬಳಸುವ ಹರಳು ಹೊಲಕ್ಕೆ ಹಾಕುವುದಕ್ಕಿಂತ ದಪ್ಪ. ಹೊಲದಲ್ಲಾದರೆ ರೈತ ಮೇಲುಗೊಬ್ಬರ ಕೊಟ್ಟು ಎಡೆಕುಂಟೆ ಹೊಡೆದು ಮಣ್ಣಲ್ಲಿ ಸೇರಿಸಬಹುದು, ಇಲ್ಲವೇ ನೀರು ಹಾಯಿಸಬಹುದು. ತೋಪಿನಲ್ಲಿ ಎರಡೂ ಆಗದ ಮಾತು. ಹರಳು ತರಗಿನ ಮೇಲೆ ಬಿದ್ದಲ್ಲೇ ಬಿದ್ದಿರುತ್ತದೆ. ಅದನ್ನು ಮಣ್ಣಿಗೆ ಇಳಿಸಬೇಕಾದ್ದು ಮಳೆ.

ಯೂರಿಯಾ ಅಮೋನಿಯಾ ಆಗುವ ಬಗೆ

ಯೂರಿಯಾ ತಾನಾಗಿ ಆವಿಯಾಗುವ ವಸ್ತುವಲ್ಲ. ನೀರಿನಲ್ಲಿ ಕರಗಿ, ಯೂರಿಯೇಸ್ ಎಂಬ ಕಿಣ್ವದ ಕೈಗೆ ಸಿಕ್ಕ ಮೇಲೆ ಅದು ಒಡೆದು ಅಮೋನಿಯಂ ಮತ್ತು ಬೈಕಾರ್ಬೊನೇಟ್ ಆಗುತ್ತದೆ. ಅಮೆರಿಕದ ರಸಾಯನ ವಿಜ್ಞಾನಿ ಜೇಮ್ಸ್ ಸಮ್ನರ್ 1926ರಲ್ಲಿ ಜಾಕ್ ಬೀನ್ ಎಂಬ ಅವರೆಯ ಜಾತಿಯ ಕಾಳಿನಿಂದ ಹರಳಿನ ರೂಪದಲ್ಲಿ ಬೇರ್ಪಡಿಸಿದ್ದು ಇದೇ ಕಿಣ್ವವನ್ನು. ಕಿಣ್ವವೊಂದನ್ನು ಹರಳುಗಟ್ಟಿಸಿದ್ದು ಅದೇ ಮೊದಲು. ಅವರಿಗೆ 1946ರ ನೊಬೆಲ್ ಬಹುಮಾನದಲ್ಲಿ ಪಾಲು ಬಂದಿತು. ಪೈನ್ ತರಗಿನಲ್ಲಿ ಶಿಲೀಂಧ್ರಗಳೂ ಬ್ಯಾಕ್ಟೀರಿಯಾಗಳೂ ತುಂಬಿರುವುದರಿಂದ ಯೂರಿಯೇಸ್ ಧಾರಾಳವಾಗಿರುತ್ತದೆ. ಕೆಳಗಿನ ಖನಿಜ ಮಣ್ಣಿನಲ್ಲಿ ಅದು ಕಡಿಮೆ.

ಪೈನ್ ತರಗಿನ ರಸಸಾರ (pH) ಸಾಮಾನ್ಯವಾಗಿ 4ರ ಆಸುಪಾಸು, ಅಂದರೆ ಚೆನ್ನಾಗಿಯೇ ಹುಳಿ. ಇಷ್ಟು ಹುಳಿ ಇರುವಲ್ಲಿ ಅಮೋನಿಯಾ ಅನಿಲ ಹೊರಡಬಾರದು ಎಂದು ಮೊದಲ ನೋಟಕ್ಕೆ ಅನಿಸುತ್ತದೆ. ಹಿಂದೆ ಹಾಗೆಂದೇ ನಂಬಿ ನೆಮ್ಮದಿಯಿಂದಿದ್ದವರೂ ಉಂಟು. ಆದರೆ ಯೂರಿಯಾ ಒಡೆಯುವಾಗ ಸುತ್ತಲಿನ ಆಮ್ಲವನ್ನೇ ತಿಂದುಹಾಕುತ್ತದೆ. ಹರಳಿನ ಸುತ್ತ ಕೆಲವು ಮಿಲಿಮೀಟರುಗಳ ಅಂತರದಲ್ಲಿ ರಸಸಾರ ಎರಡು ಮೂರು ದಿನಗಳಲ್ಲಿ 8ನ್ನು ದಾಟಬಹುದು. ಅಮೋನಿಯಂನ ಎಷ್ಟು ಭಾಗ ಅಮೋನಿಯಾ ಆಗಿ ನಿಲ್ಲುತ್ತದೆ ಎಂಬುದು ರಸಸಾರಕ್ಕೆ ಕಟ್ಟುಬಿದ್ದಿದೆ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಸಸಾರ 7 ಇದ್ದಾಗ ಅದು ಶೇ. 1ರೊಳಗೆ, 8ರಲ್ಲಿ ಸುಮಾರು ಶೇ. 5, 9ರಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು. ತೋಪಿನ ಒಟ್ಟು ಮಣ್ಣು ಹುಳಿಯಾಗಿಯೇ ಉಳಿದಿರುವಾಗಲೂ ಸಾವಿರಾರು ಸಣ್ಣ ಸಣ್ಣ ಕ್ಷಾರದ ಚುಕ್ಕೆಗಳಿಂದ ಅಮೋನಿಯಾ ಹೊರಡುತ್ತಿರುತ್ತದೆ.

ಈ ರಾಸಾಯನಿಕ ಸರಪಳಿಯ ಪ್ರತಿ ಕೊಂಡಿಯನ್ನೂ ಹವೆ ಮುಟ್ಟುತ್ತದೆ. ಹರಳು ಕರಗಲು ನೀರು ಬೇಕು. ಕಿಣ್ವ ಕೆಲಸ ಮಾಡಲು ತೇವವೂ ಬಿಸಿಯೂ ಬೇಕು. ಅನಿಲ ಹೊರಬೀಳಲು ತರಗು ಒಣಗುತ್ತಿರಬೇಕು, ಗಾಳಿ ಆಡುತ್ತಿರಬೇಕು.

ಒಂದು ಹರಳಿನ ರಾತ್ರಿ ಮತ್ತು ಹಗಲು

ಮಳೆಯಿಲ್ಲದ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಜಾರ್ಜಿಯಾದ ತೋಪಿನಲ್ಲಿ ಬಿದ್ದ ಹರಳನ್ನು ತೆಗೆದುಕೊಳ್ಳಬಹುದು. ಮೇಲಿನ ತರಗು ಒಣಗಿ ಗರಿಗರಿಯಾಗಿದೆ. ಸಂಜೆಯವರೆಗೆ ಏನೂ ಆಗುವುದಿಲ್ಲ. ಒಣ ತರಗಿನಲ್ಲಿ ಯೂರಿಯಾ ದಿನಗಟ್ಟಲೆ ಹಾಗೇ ಇರಬಲ್ಲದು. ಕತ್ತಲಾಗಿ ನೆಲ ತಣಿದಂತೆ ಗಾಳಿಯ ಸಾಪೇಕ್ಷ ಆರ್ದ್ರತೆ ಏರುತ್ತದೆ. ಅದು ಶೇ. 75ರ ಹತ್ತಿರ ಬಂದಾಗ ಹರಳು ಗಾಳಿಯಲ್ಲಿನ ನೀರಾವಿಯನ್ನೇ ಎಳೆದುಕೊಂಡು ಬೆವರತೊಡಗುತ್ತದೆ. ಬಾಯಿ ಬಿಚ್ಚಿದ ಯೂರಿಯಾ ಚೀಲ ಮಳೆಗಾಲದಲ್ಲಿ ಗಟ್ಟಿಕಟ್ಟುವುದು ಇದೇ ಗುಣದಿಂದ. ಆ ಭಾಗದಲ್ಲಿ ರಾತ್ರಿಯ ಆರ್ದ್ರತೆ ಶೇ. 90 ದಾಟುವುದು ಸಾಮಾನ್ಯ. ಬೆಳಗಿನ ಜಾವಕ್ಕೆ ಹರಳಿನ ಜಾಗದಲ್ಲಿ ಅಂಟಂಟಾದ ಒಂದು ಹನಿ ಉಳಿದು, ಸುತ್ತಲಿನ ನಾಲ್ಕಾರು ಸೂಜಿ ಎಲೆಗಳಿಗೆ ಮೆತ್ತಿಕೊಂಡಿರುತ್ತದೆ. ಇಬ್ಬನಿಯಿಂದ ಎಲೆಗಳೂ ತೇವವಾಗಿರುವುದರಿಂದ ಕಿಣ್ವ ಕೆಲಸ ಹಿಡಿಯುತ್ತದೆ.

ಒಂಬತ್ತು ಹತ್ತು ಗಂಟೆಗೆ ಬಿಸಿಲು ಕೊಂಬೆಗಳ ಸಂದಿಯಿಂದ ಇಳಿದು ತರಗನ್ನು ಮುಟ್ಟುತ್ತದೆ. ತೇವ ಆರತೊಡಗಿದಂತೆ ಹನಿಯಲ್ಲಿನ ಅಮೋನಿಯಂ ಗಾಢವಾಗುತ್ತದೆ, ಮೇಲೇಳುವ ನೀರಾವಿಯೊಡನೆ ಅಮೋನಿಯಾ ಕೂಡ ಹೊರಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಅನಿಲದ ಹರಿವು ತನ್ನ ತುದಿ ಮುಟ್ಟಿ, ತರಗು ಪೂರ್ತಿ ಒಣಗಿದಾಗ ನಿಲ್ಲುತ್ತದೆ. ಒಡೆಯದೆ ಉಳಿದ ಯೂರಿಯಾ ಮತ್ತೆ ಹರಳುಗಟ್ಟಿ ಎಲೆಗೆ ಅಂಟಿಕೊಳ್ಳುತ್ತದೆ. ರಾತ್ರಿ ಬಂದರೆ ಮತ್ತೆ ಇಬ್ಬನಿ, ಮತ್ತೆ ಕರಗುವಿಕೆ. ಹೀಗೆ ಒಂದು ಹನಿ ಮಳೆ ಬೀಳದಿದ್ದರೂ ವಾರಗಟ್ಟಲೆ ಕಂತುಕಂತಾಗಿ ಸಾರಜನಕ ಸೋರಿಹೋಗಬಹುದು. ಜಾರ್ಜಿಯಾ ವಿಶ್ವವಿದ್ಯಾಲಯದ ಮಣ್ಣು ವಿಜ್ಞಾನಿಗಳು ಲಾಬ್ಲಾಲಿ ತೋಪುಗಳಲ್ಲಿ ನಡೆಸಿದ ಅಳತೆಗಳು ಆರ್ದ್ರತೆಯ ಈ ಪಾತ್ರವನ್ನು ಸ್ಪಷ್ಟಪಡಿಸಿದವು. ಮಳೆಮಾಪಕ ಸೊನ್ನೆ ತೋರಿಸುತ್ತಿದೆ ಎಂದ ಮಾತ್ರಕ್ಕೆ ಗೊಬ್ಬರ ಭದ್ರವಾಗಿದೆ ಎನ್ನುವಂತಿಲ್ಲ ಎಂಬುದು ಆ ಕೆಲಸದ ಬೆಲೆಯುಳ್ಳ ಫಲ.

ಮಳೆ: ಎಷ್ಟು ಮತ್ತು ಯಾವಾಗ

ಯೂರಿಯಾ ಅಣುವಿಗೆ ವಿದ್ಯುದಂಶವಿಲ್ಲ. ಆದ್ದರಿಂದ ತರಗಾಗಲಿ ಜೇಡಿಯಾಗಲಿ ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ನೀರು ಹೋದಲ್ಲಿಗೆ ಅದೂ ಹೋಗುತ್ತದೆ. ಒಡೆಯುವ ಮುನ್ನ ಮಳೆ ಬಂದು ಅದನ್ನು ತರಗಿನ ಪದರ ದಾಟಿಸಿ ಖನಿಜ ಮಣ್ಣಿಗೆ ಇಳಿಸಿದರೆ ಆಟ ಬದಲಾಗುತ್ತದೆ. ಅಲ್ಲಿ ಹುಟ್ಟುವ ಅಮೋನಿಯಂ ಧನ ವಿದ್ಯುದಂಶ ಹೊತ್ತದ್ದಾದ್ದರಿಂದ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ. ಅನಿಲವಾಗಿ ಬಿಡುಗಡೆಯಾದದ್ದೂ ಮೇಲಿನ ಹುಳಿ ತರಗನ್ನು ದಾಟಿ ಬರಬೇಕಾದ್ದರಿಂದ ದಾರಿಯಲ್ಲೇ ಸಿಕ್ಕಿಬೀಳುತ್ತದೆ.

ಇದಕ್ಕೆ ಬೇಕಾದ ಮಳೆ ಒಂದೆರಡು ದಿನಗಳೊಳಗೆ ಸುಮಾರು 10 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು. ಕೊಂಬೆಗಳ ಮೇಲೆ ನಿಂತು ಅಲ್ಲೇ ಆರಿಹೋಗುವ ಪಾಲನ್ನು ಕಳೆದು, ನೆಲಕ್ಕೆ ಮುಟ್ಟಿದ್ದನ್ನು ಲೆಕ್ಕ ಹಿಡಿಯಬೇಕು. ತರಗು ಮಂದವಾಗಿದ್ದರೆ ಇನ್ನೂ ಹೆಚ್ಚು ಬೇಕು, ಏಕೆಂದರೆ ಒಣ ತರಗು ಮೊದಲ ಕೆಲವು ಮಿಲಿಮೀಟರ್ ನೀರನ್ನು ತಾನೇ ಕುಡಿದುಬಿಡುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಎರಡು ಮೂರು ಮಿಲಿಮೀಟರಿನ ತುಂತುರು. ಹರಳನ್ನು ಕರಗಿಸಲು, ತರಗನ್ನು ನೆನೆಸಲು, ಕಿಣ್ವವನ್ನು ಎಬ್ಬಿಸಲು ಅಷ್ಟು ಸಾಕು. ಯೂರಿಯಾವನ್ನು ಕೆಳಕ್ಕೆ ಇಳಿಸಲು ಸಾಲದು. ತುಂತುರಿನ ಮಾರನೆಯ ದಿನ ಬಿಸಿಲೂ ಗಾಳಿಯೂ ಕೂಡಿ ಬಂದರೆ ನಷ್ಟದ ಗೆರೆ ನೆಟ್ಟಗೆ ಮೇಲೇರುತ್ತದೆ. ಮಳೆಯ ಒಟ್ಟು ಪ್ರಮಾಣವನ್ನಷ್ಟೇ ನೋಡುವ ಯೋಜಕನಿಗೆ ಇದು ಬಲೆ. ವಾರಕ್ಕೆ 15 ಮಿ.ಮೀ. ಮಳೆ ಒಂದೇ ಜಡಿಯಾಗಿ ಎರಚಿದ ಮರುದಿನ ಬಂದರೆ ಗೊಬ್ಬರ ಉಳಿಯಿತು. ಅದೇ 15 ಮಿ.ಮೀ. ಐದಾರು ತುಂತುರುಗಳಾಗಿ ಹರಡಿಕೊಂಡರೆ ದೊಡ್ಡ ಪಾಲು ಹೋಯಿತು. ದೊಡ್ಡ ಮಳೆ ತಡವಾಗಿ, ಅಂದರೆ ಹತ್ತು ದಿನ ಕಳೆದು ಬಂದರೆ ಅಷ್ಟರಲ್ಲಿ ಯೂರಿಯಾದ ಬಹುಭಾಗ ಒಡೆದಾಗಿರುತ್ತದೆ.

ಎರಚುವ ಹೊತ್ತಿನಲ್ಲಿ ತರಗಿನ ಹದ ಹೇಗಿದೆ ಎಂಬುದೂ ಇಷ್ಟೇ ಮುಖ್ಯ. ಮಳೆ ನಿಂತ ಮರುದಿನ ತರಗು ನೆನೆದಿರುವಾಗ, ಮುಂದೆ ನಾಲ್ಕು ದಿನ ಬಿಸಿಲಿದೆ ಎಂದು ಹೆಲಿಕಾಪ್ಟರ್ ಹಾರಿಸುವುದು ಪೈಲಟ್‌ಗೆ ಅನುಕೂಲ. ಗೊಬ್ಬರದ ಮಟ್ಟಿಗೆ ಅದಕ್ಕಿಂತ ಕೆಟ್ಟ ಮುಹೂರ್ತವಿಲ್ಲ. ಒಣ ತರಗಿನ ಮೇಲೆ, ಮುಂದೆ ದೊಡ್ಡ ಮಳೆಯಿದೆ ಎಂಬಾಗಲೇ ಎರಚಲು ಸರಿಯಾದ ಸಮಯ. ಕರ್ನಾಟಕದ ಹೊಲಗಳಲ್ಲಿ ಹದ ನೋಡಿ ಯೂರಿಯಾ ಹಾಕುವ ರೂಢಿಯನ್ನು ಇದಕ್ಕೆ ನೇರವಾಗಿ ಅನ್ವಯಿಸಲಾಗದು. ಅಲ್ಲಿ ಹಸಿ ಮಣ್ಣು ಗೊಬ್ಬರವನ್ನು ಒಳಗೆಳೆದುಕೊಳ್ಳುತ್ತದೆ, ಎಡೆಕುಂಟೆ ಮುಚ್ಚುತ್ತದೆ. ಇಲ್ಲಿ ಹಸಿ ತರಗು ಅದನ್ನು ಮೇಲೆಯೇ ಇಟ್ಟುಕೊಂಡು ಒಡೆಯುತ್ತದೆ.

ಬಿಸಿ, ಗಾಳಿ, ನೆರಳು

ಉಷ್ಣಾಂಶ ಎರಡು ಕಡೆಯಿಂದ ಕೆಲಸ ಮಾಡುತ್ತದೆ. ಒಂದು, ಕಿಣ್ವದ ವೇಗ. ಇನ್ನೊಂದು, ಅದೇ ರಸಸಾರದಲ್ಲಿ ಅಮೋನಿಯಾ ಆಗಿ ನಿಲ್ಲುವ ಪಾಲು: ರಸಸಾರ 8 ಇರುವಾಗ 5 ಡಿಗ್ರಿಯಲ್ಲಿ ಈ ಪಾಲು ಶೇ. 1ರ ಸುತ್ತ ಇದ್ದರೆ, 30 ಡಿಗ್ರಿಯಲ್ಲಿ ಶೇ. 7ನ್ನು ಮೀರುತ್ತದೆ. ಚಳಿಗಾಲದಲ್ಲಿ ಎರಚಬೇಕೆಂಬ ಹಳೆಯ ಸಲಹೆಗೆ ಇದೇ ಆಧಾರ. ಜನವರಿಯಿಂದ ಮಾರ್ಚ್ ಆರಂಭದವರೆಗೆ ಬಿಸಿ ಕಡಿಮೆ, ಕಿಣ್ವ ನಿಧಾನ, ಆದ್ದರಿಂದ ಮಳೆಗಾಗಿ ಕಾಯಲು ಗೊಬ್ಬರಕ್ಕೆ ಹೆಚ್ಚು ದಿನ ಸಿಗುತ್ತವೆ.

ಚಳಿಗಾಲದ ಮಳೆಯ ಸ್ವಭಾವವೂ ಇದಕ್ಕೆ ಕೂಡಿಬರುತ್ತದೆ. ಆಗ ಬರುವುದು ವಾಯುರಾಶಿಗಳು ಸಂಧಿಸುವ ರೇಖೆಯುದ್ದಕ್ಕೂ ನೂರಾರು ಕಿಲೋಮೀಟರ್ ಹರಡಿಕೊಂಡು ಸುರಿಯುವ ಜಡಿಮಳೆ. ಮೂರು ನಾಲ್ಕು ದಿನ ಮುಂಚೆಯೇ ಅದನ್ನು ಮುನ್ಸೂಚಿಸಬಹುದು. ಬೇಸಿಗೆಯಲ್ಲಿ ಬರುವುದು ಮಧ್ಯಾಹ್ನದ ಗುಡುಗು ಮಳೆ. ಒಂದು ತೋಪಿನ ಮೇಲೆ 30 ಮಿ.ಮೀ. ಸುರಿದು ಪಕ್ಕದ ತೋಪಿಗೆ ನಾಲ್ಕು ಹನಿ ಚೆಲ್ಲಿ ಹೋಗುವುದು ಅದರ ರೀತಿ. ವರ್ಷದ ಒಟ್ಟು ಮಳೆ ಈ ಭಾಗದ ಬಹುತೇಕ ಕಡೆ 1,100ರಿಂದ 1,500 ಮಿ.ಮೀ. ಇದ್ದು ತಿಂಗಳುಗಳಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತದೆ. ತಿಂಗಳ ಲೆಕ್ಕದಲ್ಲಿ ಜುಲೈಗೂ ಫೆಬ್ರವರಿಗೂ ಅಂಥ ಭೇದ ಕಾಣದಿದ್ದರೂ ಗೊಬ್ಬರಕ್ಕೆ ಅವು ಬೇರೆ ಬೇರೆ ಲೋಕ.

ಹಾಗೆಂದು ಚಳಿಗಾಲ ತಾನೇ ರಕ್ಷಣೆಯಲ್ಲ. ದಕ್ಷಿಣ ಜಾರ್ಜಿಯಾ, ಉತ್ತರ ಫ್ಲಾರಿಡಾಗಳಲ್ಲಿ ಫೆಬ್ರವರಿಯ ಹಗಲು 20 ಡಿಗ್ರಿ ದಾಟುವುದು ವಿರಳವೇನಲ್ಲ. ಮಂಜು ಕವಿದ ರಾತ್ರಿ, ಬೆಚ್ಚನೆಯ ಹಗಲು, ಮಳೆಯಿಲ್ಲದ ಎರಡು ವಾರ ಸೇರಿದರೆ ಚಳಿಗಾಲದ ನಷ್ಟ, ಎರಚಿದ ಬೆನ್ನಿಗೆ ದೊಡ್ಡ ಮಳೆ ಕಂಡ ಬೇಸಿಗೆಯ ನಷ್ಟವನ್ನು ಮೀರಿಸಬಹುದು. ಕ್ಯಾಲೆಂಡರನ್ನು ಮಾತ್ರ ನಂಬಿ ಗೊಬ್ಬರ ಎರಚುವುದು ಸರಾಸರಿಯ ಮೇಲೆ ಹೂಡುವ ಪಂಥ.

ತುಂಬಿ ನಿಂತ ತೋಪಿನೊಳಗೆ ಗಾಳಿ ಬಲು ಮಂದ. ನೆಲದಿಂದೇಳುವ ಅಮೋನಿಯಾ ತಕ್ಷಣ ಚದುರಿಹೋಗದೆ ಕೊಂಬೆಗಳ ನಡುವೆ ಸುಳಿದಾಡುತ್ತದೆ, ಸೂಜಿ ಎಲೆಗಳ ಪತ್ರರಂಧ್ರಗಳು ಅದರಲ್ಲಿ ಸ್ವಲ್ಪವನ್ನು ಹೀರಿಕೊಳ್ಳುತ್ತವೆ. ಆದ್ದರಿಂದ ನೆಲ ಬಿಟ್ಟ ಅನಿಲವೆಲ್ಲ ತೋಪು ಬಿಟ್ಟಿತೆಂದು ಲೆಕ್ಕ ಹಾಕಿದರೆ ನಷ್ಟ ಸ್ವಲ್ಪ ಉಬ್ಬಿ ಕಾಣುತ್ತದೆ. ನಡುನಡುವಿನ ಮರ ತೆಗೆದು ತೆಳುಗೊಳಿಸಿದ ತೋಪಿನಲ್ಲಿ ಈ ಆಸರೆ ಕಡಿಮೆ: ಬಿಸಿಲು ನೇರ ನೆಲಕ್ಕೆ ಬೀಳುತ್ತದೆ, ಗಾಳಿ ಒಳನುಗ್ಗುತ್ತದೆ. ದುರದೃಷ್ಟಕ್ಕೆ, ತೆಳುಗೊಳಿಸಿದ ಬೆನ್ನಿಗೇ ಗೊಬ್ಬರ ಕೊಡುವುದು ರೂಢಿ, ಏಕೆಂದರೆ ಉಳಿದ ಮರಗಳು ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ.

ಈ ತೋಪುಗಳಲ್ಲಿ ಕಾಳ್ಗಿಚ್ಚಿನ ಅಪಾಯ ತಗ್ಗಿಸಲು ಒಣ ಹವೆ ನೋಡಿ ನೆಲದ ಪೊದೆಗೆ ಹತೋಟಿಯ ಬೆಂಕಿ ಇಡುವುದುಂಟು. ಬೂದಿ ತರಗಿನ ರಸಸಾರವನ್ನು ಏರಿಸುವುದರಿಂದ ಸುಟ್ಟ ಕೂಡಲೇ ಯೂರಿಯಾ ಎರಚಿದರೆ ನಷ್ಟಕ್ಕೆ ದಾರಿ ಇನ್ನೂ ಸಲೀಸು. ಒಂದೆರಡು ಒಳ್ಳೆಯ ಮಳೆ ಬೂದಿಯನ್ನು ತೊಳೆಯುವವರೆಗೆ ಕಾಯುವುದು ಜಾಣತನ.

ನೀರಿನ ದಾರಿಯ ನಷ್ಟ

ಮಳೆ ಹೆಚ್ಚಾದರೆ ಬೇರೆ ಬಾಗಿಲು ತೆರೆಯುತ್ತದೆ. ಮರಳು ಮಣ್ಣಿನ ಮೇಲೆ ಎರಚಿದ ಒಂದೆರಡು ದಿನದಲ್ಲೇ ಚಂಡಮಾರುತದ ಮಳೆ ಸುರಿದರೆ ಒಡೆಯದ ಯೂರಿಯಾ ಬೇರಿನ ಆಳವನ್ನೂ ದಾಟಿ ಬಸಿದುಹೋಗಬಹುದು. ಅಟ್ಲಾಂಟಿಕ್ ಚಂಡಮಾರುತಗಳ ಅಧಿಕೃತ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಚಳಿಗಾಲದ ಎರಚಾಟ ಇದನ್ನೂ ತಪ್ಪಿಸುತ್ತದೆ. ಕರಾವಳಿಯ ಸಮತಟ್ಟು ತೋಪುಗಳಲ್ಲಿ ನೀರು ಬಸಿಯಲೆಂದು ಅಗೆದ ಕಾಲುವೆಗಳಿರುತ್ತವೆ. ಹೆಲಿಕಾಪ್ಟರಿನಿಂದ ನೇರವಾಗಿ ಕಾಲುವೆಗೆ ಬಿದ್ದ ಹರಳುಗಳೂ, ರಭಸದ ಮಳೆಗೆ ಕೊಚ್ಚಿಹೋದವೂ ಎರಚಿದ ಮೊದಲ ದಿನಗಳಲ್ಲಿ ತೊರೆಯ ನೀರಿನಲ್ಲಿ ಯೂರಿಯಾ ಮತ್ತು ಅಮೋನಿಯಂ ಮಟ್ಟವನ್ನು ದಿಢೀರನೆ ಏರಿಸುತ್ತವೆ; ಆ ಮಟ್ಟ ಬೇಗನೆ ಇಳಿಯುತ್ತದೆ. ತೊರೆಯ ಇಕ್ಕೆಲಗಳಲ್ಲಿ ಗೊಬ್ಬರ ಹಾಕದ ಪಟ್ಟಿ ಬಿಡುವುದರಿಂದ ಇದು ಬಹಳಷ್ಟು ಹತೋಟಿಗೆ ಬರುತ್ತದೆ.

ನೈಟ್ರೇಟ್ ಆಗಿ ಬಸಿಯುವ ನಷ್ಟ ಪೈನ್ ತೋಪುಗಳಲ್ಲಿ ಹೊಲಗಳಿಗಿಂತ ತೀರ ಕಡಿಮೆ. ಅಮೋನಿಯಂ ಅನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಹುಳಿ ಮಣ್ಣು ಹಿಡಿಸುವುದಿಲ್ಲ, ಇದ್ದಬದ್ದ ಅಮೋನಿಯಂಗೆ ಬೇರುಗಳೂ ಶಿಲೀಂಧ್ರಗಳೂ ಪೈಪೋಟಿಗಿಳಿದಿರುತ್ತವೆ. ತೋಪಿನ ತೊರೆಗಳಲ್ಲಿ ಕುಡಿಯುವ ನೀರಿಗೆ ಅಮೆರಿಕ ನಿಗದಿಪಡಿಸಿದ ಮಿತಿಯಾದ ಲೀಟರಿಗೆ 10 ಮಿಲಿಗ್ರಾಂ ನೈಟ್ರೇಟ್ ಸಾರಜನಕವನ್ನು ಗೊಬ್ಬರದಿಂದಾಗಿ ದಾಟುವುದು ಅಪರೂಪ. ನೈಟ್ರೇಟ್ ಕಡಿಮೆ ಇರುವುದರಿಂದಲೇ ನೀರು ನಿಂತ ಮಣ್ಣಿನಲ್ಲಿ ನೈಟ್ರೇಟ್ ಅನಿಲವಾಗಿ ಹೋಗುವ ವಿನೈಟ್ರೀಕರಣವೂ ಮಿತಿಯಲ್ಲಿರುತ್ತದೆ. ಆದರೂ ಬೆಚ್ಚನೆಯ ತಿಂಗಳಲ್ಲಿ ಮಣ್ಣು ಒಣಗಿ ಮತ್ತೆ ತೊಯ್ದಾಗ ನೈಟ್ರಸ್ ಆಕ್ಸೈಡ್ ಅಲೆಗಳು ಹೊರಡುತ್ತವೆ. ತೂಕದಲ್ಲಿ ಅಲ್ಪವಾದರೂ ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಪ್ರಬಲವಾದ ಹಸಿರುಮನೆ ಅನಿಲವಾದ್ದರಿಂದ ಕಡೆಗಣಿಸುವಂತಿಲ್ಲ.

ಅಳೆಯುವ ತೊಡಕು

ಹವೆಯ ಪರಿಣಾಮವನ್ನು ಅಳೆಯುವ ಸಾಧನವೇ ಹವೆಯನ್ನು ಕೆಡಿಸುತ್ತದೆ ಎಂಬುದು ಈ ಕ್ಷೇತ್ರದ ಹಳೆಯ ತಲೆನೋವು. ನೆಲದ ಮೇಲೆ ಮುಚ್ಚಿದ ಕೊಳವೆಯಿಟ್ಟು ಅಮೋನಿಯಾವನ್ನು ಆಮ್ಲದಲ್ಲಿ ಹಿಡಿಯುವ ವಿಧಾನ ಅಗ್ಗ, ಸುಲಭ. ಆದರೆ ಕೊಳವೆಯೊಳಗೆ ಮಳೆ ಬೀಳದು, ಇಬ್ಬನಿ ಕೂರದು, ಗಾಳಿ ಸಹಜವಾಗಿ ಆಡದು. ಎತ್ತರದ ಕಂಬಗಳಲ್ಲಿ ಗಾಳಿಯ ವೇಗ ಮತ್ತು ಅಮೋನಿಯಾದ ಸಾಂದ್ರತೆ ಅಳೆದು ಲೆಕ್ಕ ಹಾಕುವ ವಿಧಾನಕ್ಕೆ ಈ ದೋಷವಿಲ್ಲ. ಅದಕ್ಕೆ ವಿಶಾಲವೂ ಸಮತಟ್ಟೂ ಆದ ತಾಕು ಬೇಕು, ಮರಗಳ ನಡುವಿನ ಗಾಳಿ ಆ ಲೆಕ್ಕಕ್ಕೆ ಸುಲಭವಾಗಿ ಒಗ್ಗುವುದಿಲ್ಲ.

ಈಚಿನ ದಶಕಗಳಲ್ಲಿ ನೆಚ್ಚಿಗೆ ಪಡೆದಿರುವುದು ಸಾರಜನಕ-15 ಗುರುತಿನ ವಿಧಾನ. ನಿಸರ್ಗದಲ್ಲಿ ಈ ಭಾರದ ಐಸೊಟೋಪ್ ಶೇ. 0.37ರಷ್ಟು ಮಾತ್ರ. ಅದನ್ನು ಹೆಚ್ಚಾಗಿ ಸೇರಿಸಿದ ಗೊಬ್ಬರವನ್ನು ತೆರೆದ ತಾಕಿಗೆ ಹಾಕಿ, ಗೊತ್ತಾದ ದಿನಗಳ ನಂತರ ತರಗು, ಮಣ್ಣು, ಬೇರು, ಕಾಂಡ, ಎಲೆ ಎಲ್ಲದರಲ್ಲೂ ಎಷ್ಟು ಉಳಿದಿದೆ ಎಂದು ಹುಡುಕುತ್ತಾರೆ. ಸಿಗದೆ ಉಳಿದದ್ದು ತೋಪಿನಿಂದ ಹೋದದ್ದು. ವರ್ಜೀನಿಯಾ ಟೆಕ್‌ನ ಸಂಶೋಧಕರು ಆಗ್ನೇಯದ ಹಲವು ರಾಜ್ಯಗಳ ತೋಪುಗಳಲ್ಲಿ ಹೀಗೆ ಅಳೆದು ತೋರಿಸಿದ್ದು ಎರಡು ಸಂಗತಿ: ಬರಿಯ ಯೂರಿಯಾದ ನಷ್ಟ, ಮುಂದೆ ವಿವರಿಸುವ ಲೇಪಿತ ಗೊಬ್ಬರಗಳ ನಷ್ಟಕ್ಕಿಂತ ಸ್ಪಷ್ಟವಾಗಿ ಹೆಚ್ಚು, ಉಳಿದ ಸಾರಜನಕದಲ್ಲೂ ಮೊದಲ ವರ್ಷ ಮರಕ್ಕೆ ಸೇರುವುದು ಒಂದು ಪಾಲು ಮಾತ್ರ, ಮಿಕ್ಕದ್ದು ತರಗು ಮತ್ತು ಮಣ್ಣಿನ ಜೀವಿಗಳ ಹಿಡಿತದಲ್ಲಿ ಉಳಿಯುತ್ತದೆ.

ಹವೆಯನ್ನು ಎದುರಿಸುವ ಉಪಾಯಗಳು

ಮುನ್ಸೂಚನೆ ನೋಡಿ ಎರಚುವುದು ಮೊದಲ ಉಪಾಯ. ಹೇಳುವಷ್ಟು ಸುಲಭವಲ್ಲ. ಹೆಲಿಕಾಪ್ಟರ್ ಗುತ್ತಿಗೆದಾರನಿಗೆ ಒಂದೇ ಋತುವಿನಲ್ಲಿ ಸಾವಿರಾರು ಹೆಕ್ಟೇರು ಮುಗಿಸುವ ಹೊರೆ, ಮಂಜಿನಲ್ಲೂ ಜೋರು ಗಾಳಿಯಲ್ಲೂ ಹಾರುವಂತಿಲ್ಲ, ಲಾರಿಗಳಲ್ಲಿ ಬಂದ ಗೊಬ್ಬರ ಬಯಲಲ್ಲಿ ಕಾಯುತ್ತ ನಿಂತರೆ ತೇವ ಹೀರುತ್ತದೆ. ಹೀಗಾಗಿ ಒಂದು ಭಾಗಕ್ಕೆ ಒಳ್ಳೆಯ ಮಳೆ ಸಿಕ್ಕಿ ಇನ್ನೊಂದಕ್ಕೆ ಸಿಗದೆ ಹೋಗುವುದು ಇದ್ದದ್ದೇ.

ಎರಡನೆಯದು ಯೂರಿಯೇಸ್ ಕಿಣ್ವವನ್ನು ಕಟ್ಟಿಹಾಕುವ ಎನ್‌ಬಿಪಿಟಿ ಎಂಬ ರಾಸಾಯನಿಕದ ಲೇಪ. ಇದು ಒಂದೆರಡು ವಾರ ಯೂರಿಯಾ ಒಡೆಯದಂತೆ ತಡೆದು ಮಳೆಗೆ ಕಾಲಾವಕಾಶ ಕೊಡುತ್ತದೆ. ಬಿಸಿ ಹೆಚ್ಚಿದಷ್ಟೂ, ಮಣ್ಣು ಹುಳಿಯಾದಷ್ಟೂ ಇದರ ಆಯುಸ್ಸು ಕಡಿಮೆ, ಹಾಗಾಗಿ ಪೈನ್ ತರಗು ಇದಕ್ಕೆ ಅಷ್ಟು ಒಳ್ಳೆಯ ಮನೆಯಲ್ಲ. ಬೋರಾನ್ ಮತ್ತು ತಾಮ್ರ ಬೆರೆತ ಲೇಪಗಳೂ ಬಳಕೆಯಲ್ಲಿವೆ. ಪಾಲಿಮರ್ ಹೊದಿಕೆಯ ಯೂರಿಯಾ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಹೊರಬರುವುದರಿಂದ ಯಾವೊಂದು ವಾರದ ಹವೆಗೂ ಪೂರ್ತಿ ಒಡ್ಡಿಕೊಳ್ಳುವುದಿಲ್ಲ. ಅದರ ಬೆಲೆ ಮಾತ್ರ ಹೆಚ್ಚು. 2008ರಲ್ಲೂ 2021–22ರಲ್ಲೂ ಯೂರಿಯಾದ ಜಾಗತಿಕ ಬೆಲೆ ಜಿಗಿದಾಗ ಈ ಲೆಕ್ಕ ಲೇಪದ ಕಡೆಗೆ ವಾಲಿತು.

ಭಾರತದಲ್ಲಿ 2015ರಿಂದ ಕಡ್ಡಾಯವಾಗಿರುವ ಬೇವು ಲೇಪಿತ ಯೂರಿಯಾವನ್ನು ಇವುಗಳ ಸಾಲಿಗೆ ಸೇರಿಸುವುದು ಸರಿಯಲ್ಲ. ಬೇವು ತಡೆಯುವುದು ಮುಖ್ಯವಾಗಿ ನೈಟ್ರೀಕರಣವನ್ನು, ಅಂದರೆ ಅಮೋನಿಯಂ ಅನ್ನು ನೈಟ್ರೇಟ್ ಮಾಡುವ ಕ್ರಿಯೆಯನ್ನು; ಅದು ಗದ್ದೆಯ ಮುಂದಿನ ಹಂತದ ನಷ್ಟಕ್ಕೆ ದಾರಿ. ನೈಟ್ರೀಕರಣವೇ ಮಂದವಾಗಿರುವ ಹುಳಿ ತರಗಿನ ಮೇಲೆ, ಮೊದಲ ವಾರದ ಅಮೋನಿಯಾ ನಷ್ಟಕ್ಕೆ ಅದರಿಂದ ಹೇಳಿಕೊಳ್ಳುವ ಪ್ರಯೋಜನ ಕಾಣದು.

ಸ್ವೀಡನ್ ಹಿಡಿದದ್ದು ಬೇರೆ ದಾರಿ. ಅಲ್ಲಿನ ಸ್ಕಾಟ್ಸ್ ಪೈನ್ ಕಾಡುಗಳಿಗೆ 1960ರ ದಶಕದಲ್ಲಿ ಯೂರಿಯಾವನ್ನೇ ಎರಚುತ್ತಿದ್ದರು. ಅಮೋನಿಯಂ ನೈಟ್ರೇಟ್‌ಗೆ ಮರಗಳು ಹೆಚ್ಚು ಸ್ಪಂದಿಸುವುದನ್ನು ಕಂಡು ಕ್ರಮೇಣ ಅದಕ್ಕೆ ಹೊರಳಿದರು. ಈಗ ಡಾಲಮೈಟ್ ಬೆರೆಸಿದ ಅಮೋನಿಯಂ ನೈಟ್ರೇಟ್ ಹರಳನ್ನು ಒಮ್ಮೆಗೆ ಹೆಕ್ಟೇರಿಗೆ 150 ಕಿಲೋ ಸಾರಜನಕದ ಲೆಕ್ಕದಲ್ಲಿ ಹಾಕುವುದು ರೂಢಿ. ಇದು ಒಡೆಯಬೇಕಾದ ಗೊಬ್ಬರವಲ್ಲ, ಆದ್ದರಿಂದ ಇಬ್ಬನಿ ತುಂತುರುಗಳ ಭಯವಿಲ್ಲ. ಬದಲಿಗೆ ಅದರಲ್ಲಿನ ನೈಟ್ರೇಟ್ ಮಳೆಯೊಡನೆ ಬಸಿಯುತ್ತದೆ, ಹೆಪ್ಪುಗಟ್ಟಿದ ನೆಲ ಅಥವಾ ಹಿಮದ ಮೇಲೆ ಹಾಕಿದರೆ ಕರಗುನೀರಿನೊಡನೆ ಹರಿದುಹೋಗುತ್ತದೆ. ಬೇರುಗಳು ಚುರುಕಾಗಿರುವ ಬೇಸಿಗೆಯೇ ಅಲ್ಲಿ ಹಿತವಾದ ಕಾಲ. ಗೊಬ್ಬರ ಬದಲಾದರೆ ಹವೆಯ ಒಳಿತು ಕೆಡುಕುಗಳೂ ತಿರುಗಿ ನಿಲ್ಲುತ್ತವೆ.

ವರ್ಷದಿಂದ ವರ್ಷಕ್ಕೆ

ಆಗ್ನೇಯ ಅಮೆರಿಕದ ಚಳಿಗಾಲದ ಮಳೆಗೆ ಪೆಸಿಫಿಕ್ ಸಾಗರದ ಉಷ್ಣಾಂಶದೊಡನೆ ನಂಟಿದೆ. ಆ ಸಾಗರ ಬಿಸಿಯೇರಿದ ಎಲ್ ನಿನೊ ಚಳಿಗಾಲಗಳು ಅಲ್ಲಿ, ವಿಶೇಷವಾಗಿ ಮೆಕ್ಸಿಕೊ ಕೊಲ್ಲಿಯ ಕರಾವಳಿ ಮತ್ತು ಫ್ಲಾರಿಡಾದಲ್ಲಿ, ತಂಪಾಗಿದ್ದು ಹೆಚ್ಚು ಮಳೆ ತರುತ್ತವೆ. ಸಾಗರ ತಣಿದ ಲಾ ನಿನಾ ಚಳಿಗಾಲಗಳು ಬೆಚ್ಚಗೆ, ಮಳೆ ಕಡಿಮೆಯಾಗಿ ಕಳೆಯುತ್ತವೆ. ನವೆಂಬರ್ ಹೊತ್ತಿಗೆ ಇವುಗಳಲ್ಲಿ ಯಾವುದು ಕಾಲೂರಿದೆ ಎಂಬುದು ಸಾಮಾನ್ಯವಾಗಿ ಗೊತ್ತಾಗಿರುವುದರಿಂದ, ಜನವರಿಯ ಎರಚಾಟಕ್ಕೆ ಬರಿಯ ಯೂರಿಯಾ ಸಾಕೋ ಲೇಪಿತ ಗೊಬ್ಬರ ಬೇಕೋ ಎಂದು ತೀರ್ಮಾನಿಸಲು ಒಂದೆರಡು ತಿಂಗಳ ಬಿಡುವು ಸಿಗುತ್ತದೆ. ಒಟ್ಟು ಹವಾಗುಣ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಚಳಿಗಾಲದ ರಾತ್ರಿಗಳು ಮೊದಲಿನಷ್ಟು ತಣ್ಣಗಿರುವುದಿಲ್ಲ, ಮಳೆ ಕಡಿಮೆ ದಿನಗಳಲ್ಲಿ ಹೆಚ್ಚು ರಭಸದಿಂದ ಸುರಿಯುವ ಒಲವು ತೋರುತ್ತಿದೆ. ಮೊದಲನೆಯದು ಅಮೋನಿಯಾ ನಷ್ಟದ ಕಾಲಾವಧಿಯನ್ನು ಹಿಗ್ಗಿಸುತ್ತದೆ. ಎರಡನೆಯದು ಎರಡು ಕಡೆಗೂ ಕೆಲಸ ಮಾಡುತ್ತದೆ: ದೊಡ್ಡ ಮಳೆ ಯೂರಿಯಾವನ್ನು ತರಗಿನಿಂದ ಇಳಿಸಲು ಒಳ್ಳೆಯದು, ಆದರೆ ಮರಳು ನೆಲದಲ್ಲೂ ಕಾಲುವೆಗಳ ಬದಿಯಲ್ಲೂ ಅದೇ ಮಳೆ ಗೊಬ್ಬರವನ್ನು ತೋಪಿನಾಚೆಗೆ ಒಯ್ಯುತ್ತದೆ.